ಟ್ರ್ಯಾಕ್ಟರ್ ಬಿಟ್ಟು ಹೆಗಲೇರಿದ ಕಾರ್ಬುರೇಟರ್

ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯ ಬಿತ್ತನೆ ಆಲೂಗಡ್ಡೆ ಬಂದು ಇಳಿಯಿತೆಂದರೆ ಸುತ್ತಲಿನ ರಿಪೇರಿ ಅಂಗಡಿಗಳಿಗೂ ಕೆಲಸ ಶುರು. ನಾಟಿಯಾದ ಮೇಲೆ ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಬೆನ್ನಿಗೇ ಬರುತ್ತದೆ. ಅಷ್ಟರೊಳಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಓಡಲೇಬೇಕು. ಹೋದ ವರ್ಷ ಕೆಲಸ ಮುಗಿಸಿ ಮೂಲೆಗಿಟ್ಟ ಯಂತ್ರ ಎಷ್ಟು ಹಗ್ಗ ಎಳೆದರೂ ಮಿಸುಕುವುದಿಲ್ಲ. ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಚನ್ನರಾಯಪಟ್ಟಣವಿರಲಿ, ಮೆಕ್ಯಾನಿಕ್ ಹೇಳುವುದು ಒಂದೇ ಮಾತು: ‘ಕಾರ್ಬುರೇಟರ್ ಬಿಚ್ಚಿ ತೊಳೀಬೇಕು ಗೌಡ್ರೆ.’

ಅದೇ ರೈತನ ಅಂಗಳದಲ್ಲಿ ನಲವತ್ತು ವರ್ಷ ದುಡಿದ ಟ್ರ್ಯಾಕ್ಟರ್ ನಿಂತಿದ್ದರೆ ಅದಕ್ಕೆ ಈ ಕಾಯಿಲೆಯಿಲ್ಲ. ಏಕೆಂದರೆ ಅದಕ್ಕೆ ಕಾರ್ಬುರೇಟರೇ ಇಲ್ಲ. ದೊಡ್ಡ ಯಂತ್ರ ಬಿಟ್ಟುಹೋದ ಈ ಭಾಗ ಸಣ್ಣ ಯಂತ್ರದ ಮೂಲಕ ನಮ್ಮ ಹೊಲಕ್ಕೆ ಬಂದದ್ದು ಹೇಗೆ?

ನಮ್ಮಲ್ಲಿಗೆ ಬರುವ ಮೊದಲೇ ಕಳಚಿತ್ತು

ಗಾಳಿಯ ರಭಸಕ್ಕೆ ಸಣ್ಣ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿ ಎಳೆದುಕೊಳ್ಳುವ ಕಾರ್ಬುರೇಟರನ್ನು 1893ರಲ್ಲಿ ರೂಪಿಸಿದವರು ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್. ಹಂಗೇರಿಯ ಬಾಂಕಿ ಮತ್ತು ಚೊಂಕಾ ಅದೇ ವರ್ಷ ಅಂಥದ್ದೇ ಸಾಧನಕ್ಕೆ ಪೇಟೆಂಟ್ ಕೇಳಿದ್ದರು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಈ ಲೆಕ್ಕ ತಪ್ಪದಂತೆ ಬೆರೆಸುವುದೇ ಅದರ ಕೆಲಸ.

ಅಮೆರಿಕದಲ್ಲಿ 1917ರಲ್ಲಿ ತಯಾರಿಗಿಳಿದ ಫೋರ್ಡ್‌ಸನ್ ಟ್ರ್ಯಾಕ್ಟರಿಗೂ ಕಾರ್ಬುರೇಟರ್ ಇತ್ತು; ಅದು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ ತಯಾರಾದ ಫರ್ಗ್ಯುಸನ್ ಟಿಇ-20 ಮೊದಲು ಪೆಟ್ರೋಲಿನದು. ಆಮೇಲೆ ಸೀಮೆಎಣ್ಣೆಯಂಥ ಅಗ್ಗದ ಎಣ್ಣೆಯ ಮಾದರಿ ಬಂತು, 1951ರಲ್ಲಿ ಡೀಸೆಲ್ಲಿನದೂ ಬಂತು. ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಹತ್ತಾರು ವರ್ಷಗಳಲ್ಲಿ ಮ್ಯಾಸಿ ಫರ್ಗ್ಯುಸನ್, ಇಂಟರ್‌ನ್ಯಾಷನಲ್ ಬಿ-275, ಎಚ್‌ಎಂಟಿ ಜೀಟರ್ ಇಲ್ಲಿಯೇ ತಯಾರಾದವು. ಇಲ್ಲಿನ ರೈತರು ಕಂಡ ಇವೆಲ್ಲ ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಬೇಕಿಲ್ಲ, ಕಾರ್ಬುರೇಟರೂ ಬೇಕಿಲ್ಲ. ಪಂಪು ಮತ್ತು ನಾಝಲ್ ಎಣ್ಣೆಯನ್ನು ನೇರವಾಗಿ ಒತ್ತಿ ಸಿಲಿಂಡರಿಗೆ ಚಿಮ್ಮಿಸುತ್ತವೆ. ಅಂಥ ಪಂಪುಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೊ ಕಾರ್ಖಾನೆ ತಯಾರಿಸುತ್ತಿತ್ತು. ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗೂ ಅಲ್ಲಿಯದೇ.

ಸೀಮೆಎಣ್ಣೆ ಪಂಪಿನ ದಿನಗಳು

ಕಾರ್ಬುರೇಟರ್ ನಮ್ಮ ಹೊಲಕ್ಕೆ ಬಂದದ್ದು ನೀರೆತ್ತುವ ಸಣ್ಣ ಎಂಜಿನ್ನಿನ ಜೊತೆ. ಗೊರೂರಿನ ಹೇಮಾವತಿ ಜಲಾಶಯ ಪೂರ್ತಿಯಾದದ್ದು 1979ರಲ್ಲಿ. ನಾಲೆಯ ನೀರು ತಾನಾಗಿ ಹರಿಯದ ಎತ್ತರದ ಜಮೀನಿಗೆ, ಕರೆಂಟ್ ಕಂಬ ಕಾಣದ ಹೊಳೆದಂಡೆಗೆ ಇಬ್ಬರು ಎತ್ತಿಕೊಂಡು ಹೋಗಬಹುದಾದ ಪಂಪು ಆಸರೆಯಾಗುತ್ತಿತ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಹಾಕುವ ಪದ್ಧತಿ. ಹಳೆಯ ಫೋರ್ಡ್‌ಸನ್ನಿನ ಕ್ರಮವೇ ಇದು.

ಆ ಕ್ರಮ ತಪ್ಪಿದರೆ ತೊಂದರೆ ಖಂಡಿತ. ಎಂಜಿನ್ ತಣ್ಣಗಿದ್ದಾಗಲೇ ಸೀಮೆಎಣ್ಣೆಗೆ ಬದಲಿಸಿದರೆ ಅದು ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗಿನ ಎಂಜಿನ್ ಆಯಿಲನ್ನು ತೆಳುಮಾಡುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಕಾರ್ಬುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿದು, ಬೆಳಿಗ್ಗೆ ಯಾರು ಹಗ್ಗ ಎಳೆದರೂ ಎಂಜಿನ್ ಏಳುವುದಿಲ್ಲ. ಕೃಷಿ ಪಂಪ್‌ಸೆಟ್ಟಿಗೆ ಕರೆಂಟ್ ಬಂದು, ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಕಡಿಮೆಯಾಗುತ್ತ ಬಂದಂತೆ ಈ ಪಂಪುಗಳು ಹಿಂದೆ ಸರಿದವು.

ಹೆಗಲ ಮೇಲಿನ ಎಂಜಿನ್

ಆಳು ಸಿಗುವುದು ಕಷ್ಟವಾದಾಗ ಕಾರ್ಬುರೇಟರ್ ಮತ್ತೆ ಬಂತು. ಈ ಸಲ ಆಲೂಗಡ್ಡೆ ಹೊಲದ ಸ್ಪ್ರೇಯರ್, ತೆಂಗಿನ ತೋಟದ ಕಳೆ ಕಟರ್, ಶುಂಠಿ ಸಾಲಿನ ಸಣ್ಣ ವೀಡರ್‌ಗಳಲ್ಲಿ. ಹೆಗಲಿಗೆ ಹಾಕುವ ಕಟರ್ ಹೇಗೆ ವಾಲಿದರೂ ಓಡಬೇಕಾದ್ದರಿಂದ ಅದರಲ್ಲಿ ಬಟ್ಟಲು, ಬಟ್ಟಲಲ್ಲಿ ತೇಲುವ ಫ್ಲೋಟ್ ಇರುವುದಿಲ್ಲ. ತೆಳುವಾದ ಡಯಾಫ್ರಾಂ ಪೊರೆಯೇ ಪೆಟ್ರೋಲನ್ನು ಎಳೆದು ಅಳತೆಯಾಗಿ ಬಿಡುತ್ತದೆ. ಆ ಪೊರೆ ಒಣ ಹಪ್ಪಳದಂತೆ ಬಿರುಸಾದರೆ ಯಂತ್ರಕ್ಕೆ ಎಣ್ಣೆ ಸಾಲುವುದಿಲ್ಲ.

ಆದರೆ ಅನುಭವಿ ಮೆಕ್ಯಾನಿಕ್ ಯಂತ್ರ ಬಂದ ತಕ್ಷಣ ಕಾರ್ಬುರೇಟರಿಗೆ ಕೈಹಾಕುವುದಿಲ್ಲ, ಮೊದಲು ಪ್ಲಗ್ ಬಿಚ್ಚುತ್ತಾನೆ. ಅದರ ತುದಿಯೇ ಅರ್ಧ ಕಥೆ ಹೇಳುತ್ತದೆ. ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗಿಯೇ ಇಲ್ಲ. ಕರ್ರಗೆ ಮಸಿ ಹಿಡಿದಿದ್ದರೆ ಗಾಳಿ ತಡೆಯುವ ಚೋಕ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿದೆ. ಟ್ಯಾಂಕಿನ ಮುಚ್ಚಳದಲ್ಲಿರುವ ಸೂಜಿಮೊನೆಯಷ್ಟು ಗಾಳಿರಂಧ್ರ ಮುಚ್ಚಿದ್ದರೂ ಯಂತ್ರ ಐದು ನಿಮಿಷ ಓಡಿ ನಿಂತುಬಿಡುತ್ತದೆ. ಮುಚ್ಚಳ ಸಡಿಲಿಸಿದಾಗ ಸರಿಹೋದರೆ ರಿಪೇರಿ ಅಲ್ಲಿಗೇ ಮುಗಿಯಿತು.

ಇನ್ನೊಂದು ಪರೀಕ್ಷೆ ಚೋಕಿನದು. ಬಿಸಿಯಾದ ಎಂಜಿನ್ ಚೋಕ್ ಅರ್ಧ ಮುಚ್ಚಿದಾಗ ಮಾತ್ರ ಚೆನ್ನಾಗಿ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲವೆಂದು ಅರ್ಥ. ಪೆಟ್ರೋಲ್ ಬರುವ ಸಣ್ಣ ರಂಧ್ರವಾದ ಜೆಟ್ ಕಟ್ಟಿರಬಹುದು, ಗ್ಯಾಸ್ಕೆಟ್ ಸಂದಿಯಲ್ಲಿ ಗಾಳಿ ಎಳೆಯುತ್ತಿರಬಹುದು. ಬಟ್ಟಲಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟಿನ ಸೂಜಿ ಸರಿಯಾಗಿ ಕೂರುತ್ತಿಲ್ಲ, ಅಥವಾ ಫ್ಲೋಟ್ ತೂತಾಗಿ ಮುಳುಗಿದೆ. ಜೆಟ್ ತೊಳೆಯುವಾಗ ತಂತಿ ತೂರಿಸಬಾರದು. ಹಿತ್ತಾಳೆಯ ಆ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಗಾಳಿ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ ತೆಗೆಯುವುದೇ ಸರಿ.

ಮುಸುಕಿನ ಜೋಳ ಮರಳಿ ಬಂತು

ಜೆಟ್ ಕಟ್ಟುವುದೇಕೆ? ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಒಳಗೆ ಕಚ್ಚಿಕೊಳ್ಳುತ್ತದೆ. ಈಗ ಅದಕ್ಕೆ ಇನ್ನೊಂದು ಸೇರಿದೆ. ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಎಂಜಿನ್ ಮೊದಲು ಎಳೆಯುವುದು ತಳದ್ದನ್ನೇ. ಇಂಥ ಪೆಟ್ರೋಲಿಗೆಂದು ಮಾಡದ ಹಳೆಯ ಯಂತ್ರಗಳ ರಬ್ಬರ್ ಪೈಪು, ಡಯಾಫ್ರಾಂಗಳೂ ಬೇಗ ಕೆಡುತ್ತವೆ.

ದೇಶದ ಎಥೆನಾಲ್ ಬರುತ್ತಿರುವುದು ಕಬ್ಬು, ಅಕ್ಕಿ ಮತ್ತು ಮುಸುಕಿನ ಜೋಳದಿಂದ. ಅಂಗಮಾರಿ ಕಾಟಕ್ಕೆ ಬೇಸತ್ತ ಹಾಸನದ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಹಾಕಿದ್ದೂ ಅದೇ ಮುಸುಕಿನ ಜೋಳ. ಬೆಳೆಗೆ ಬೇಡಿಕೆ ತಂದ ಎಥೆನಾಲೇ ಕಳೆ ಕಟರಿನ ಕಾರ್ಬುರೇಟರಿಗೆ ತಲೆನೋವೂ ತಂದಿದೆ.

ಯಂತ್ರ ಕೆಟ್ಟಿತು ಎಂದು ನಾವು ಕರೆಯುವುದು ಹೆಚ್ಚಿನ ಸಲ ಒಳಗೆ ಬಿಟ್ಟ ಎಣ್ಣೆ ಕೆಟ್ಟಿರುವುದು. ಹಾಗಾಗಿ ಕೊನೆಯ ಸಿಂಪಡಣೆ ಮುಗಿದ ದಿನವೇ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಒಳಗಿಡಿ. ಮುಂದಿನ ಮಳೆಗಾಲಕ್ಕೆ ಹೊಸ ಪೆಟ್ರೋಲ್ ಹಾಕಿ. ಇಷ್ಟು ಮಾಡಿದರೆ ಅಂಗಮಾರಿ ಬಂದ ವಾರ ರಿಪೇರಿ ಅಂಗಡಿಯಲ್ಲಿ ಸರದಿ ಕಾಯುವುದು ತಪ್ಪುತ್ತದೆ.