ಗಲ್ಫ್ ಪೆಟ್ಟಿಗೆಯಲ್ಲಿ ಬಂದ ಮುಖದ ಯಂತ್ರ: ಯಾರಿಗೆ ಆಗಬಹುದು, ಯಾರಿಗೆ ಬೇಡವೇ ಬೇಡ?

ಗಲ್ಫ್‌ನಿಂದ ಬಂದವರ ಪೆಟ್ಟಿಗೆ ಬಿಚ್ಚುವ ಹೊತ್ತೆಂದರೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಹಬ್ಬ. ಹಿಂದೆಲ್ಲ ಅದರಲ್ಲಿ ಬರುತ್ತಿದ್ದದ್ದು ಅತ್ತರು, ಖರ್ಜೂರ, ಹಾಲಿನ ಪುಡಿ, ಟೈಗರ್ ಬಾಮ್, ಮಕ್ಕಳಿಗೆ ಚಾಕಲೇಟು. ಕಳೆದ ಬಾರಿ ನನ್ನ ತಂಗಿ ದುಬೈಯಿಂದ ಬಂದಾಗ ಇವೆಲ್ಲದರ ಅಡಿಯಲ್ಲಿ ಟವೆಲ್ ಸುತ್ತಿದ ಒಂದು ಬಿಳಿ ಡಬ್ಬ ಇತ್ತು. ಒಳಗೆ ಅಂಗೈಗೆ ಹಿಡಿಯುವಷ್ಟು ದೊಡ್ಡ ಯಂತ್ರ. ತುದಿಯಲ್ಲಿ ಪಳಪಳ ಹೊಳೆಯುವ ಎರಡು ಲೋಹದ ಗುಂಡುಗಳು.

"ಇದೆಂಥದು, ಗಡ್ಡ ತೆಗೆಯುವ ಮಿಶಿನಾ?" ಉಮ್ಮ ಕೇಳಿದರು.

"ಅಲ್ಲ ಉಮ್ಮಾ, ಇದು ಮುಖಕ್ಕೆ. ದಿನಾ ಐದು ನಿಮಿಷ ಸವರಿದರೆ ಜೋತು ಬಿದ್ದ ಕೆನ್ನೆ ಬಿಗಿ ಆಗ್ತದೆ. ಅಲ್ಲಿ ಎಲ್ಲರ ಕೈಯಲ್ಲೂ ಉಂಟು."

ಮನೆಯಲ್ಲಿ ಮೂರು ವಾರಕ್ಕೆ ಮದುವೆ. ಮೈಲಾಂಜಿ ರಾತ್ರಿಯ ಫೋಟೊ, ವೀಡಿಯೊ ಎಲ್ಲ ಉಂಟಲ್ಲ! ಸಂಜೆಯಾಗುವಷ್ಟರಲ್ಲಿ ಆ ಯಂತ್ರ ನಾಲ್ಕು ಹೆಂಗಸರ ಮುಖ ಸುತ್ತಿ ಬಂತು. ಕೊನೆಗೆ ಉಮ್ಮನ ಸರದಿ. "ನನಗೆ ಇನ್ನು ಎಂಥ ಚಂದ ಮಾರಾಯ್ತಿ" ಎಂದು ಬಾಯಲ್ಲಿ ಹೇಳಿದರೂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ತಂಗಿ ಕೆನ್ನೆಗೆ ಜೆಲ್ ಹಚ್ಚಿಯೂ ಆಗಿತ್ತು. ಮೂಲೆಯಲ್ಲಿ ಕೂತು ಡಬ್ಬದೊಳಗಿನ ಇಂಗ್ಲಿಷ್ ಕಾಗದ ಓದುತ್ತಿದ್ದ ನನ್ನ ಮಗಳು ಒಮ್ಮೆಲೇ ಎದ್ದು ನಿಂತಳು. "ನಿಲ್ಲಿ, ನಿಲ್ಲಿ! ಉಮ್ಮಮ್ಮನಿಗೆ ಪೇಸ್‌ಮೇಕರ್ ಉಂಟಲ್ವಾ?"

ತಂಗಿಯ ಕೈ ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ಉಮ್ಮನ ಎದೆಗೆ ಪೇಸ್‌ಮೇಕರ್ ಹಾಕಿಸಿದ್ದೆವು. ಆಸ್ಪತ್ರೆಯವರು ಕೊಟ್ಟ ಕಾರ್ಡು ಕಪಾಟಿನಲ್ಲಿ ಜೋಪಾನವಾಗಿತ್ತು. ಆದರೆ ಆ ಹೊತ್ತಿಗೆ ನಮಗೆ ಯಾರಿಗೂ ಅದರ ನೆನಪೇ ಬಂದಿರಲಿಲ್ಲ.

"ಅದು ಇರುವುದು ಎದೆಯಲ್ಲಿ ಅಲ್ವಾ? ಇದು ಹಚ್ಚುವುದು ಕೆನ್ನೆಗಲ್ವಾ?" ಎಂದು ಉಮ್ಮ ಕೇಳಿದರು. ಆ ಪ್ರಶ್ನೆಗೆ ಆಗ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಯಂತ್ರ ಈಗ ಬಹಳ ಮನೆಗಳಿಗೆ ಬಂದಿದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ.

ಕರೆಂಟ್ ಎಂದರೆ ಎಷ್ಟು ಕರೆಂಟ್?

ಈ ಯಂತ್ರದ ಹೆಸರೇ ಮೈಕ್ರೊಕರೆಂಟ್. ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೊಆಂಪಿಯರ್. ಮನೆಯಲ್ಲಿ ಬಳಸುವ ಈ ಯಂತ್ರಗಳು ಕೊಡುವುದು ಕೆಲವು ನೂರು ಮೈಕ್ರೊಆಂಪಿಯರ್. ನಮ್ಮ ಮೊಬೈಲ್ ಚಾರ್ಜರ್‌ನ 2 ಆಂಪಿಯರ್ ಎಂದರೆ 20 ಲಕ್ಷ ಮೈಕ್ರೊಆಂಪಿಯರ್ ಆಯಿತು. ಹೋಲಿಸಿ ನೋಡಿದರೆ ಇದು ಏನೂ ಅಲ್ಲ. ಸೊಂಟನೋವಿಗೆ ಫಿಸಿಯೊಥೆರಪಿಯಲ್ಲಿ ಇಡುವ ಕರೆಂಟ್ ಕೂಡ ಮಿಲಿಆಂಪಿಯರ್ ಲೆಕ್ಕದ್ದು, ಇದಕ್ಕಿಂತ ಎಷ್ಟೋ ಪಟ್ಟು ಜೋರು. ಅದರಲ್ಲಿ ಜುಮ್ಮೆನ್ನುವುದು ಗೊತ್ತಾಗುತ್ತದೆ, ಸ್ನಾಯು ಎಳೆಯುವುದೂ ಕಾಣುತ್ತದೆ. ಇದರಲ್ಲಿ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ.

ಎರಡು ಗುಂಡುಗಳು ಯಾಕೆ ಎಂದರೆ, ಕರೆಂಟ್ ಒಂದರಿಂದ ಹೊರಟು ಚರ್ಮ, ಸ್ನಾಯುವಿನ ಮೂಲಕ ಹಾದು ಇನ್ನೊಂದಕ್ಕೆ ಸೇರಬೇಕು. ನಮ್ಮ ಕೈಕಾಲಿನ ಸ್ನಾಯುಗಳು ಎಲುಬಿಗೆ ಅಂಟಿಕೊಂಡಿರುತ್ತವೆ. ಮುಖದ ಸ್ನಾಯುಗಳಲ್ಲಿ ಹೆಚ್ಚಿನವು ನೇರ ಚರ್ಮಕ್ಕೇ ಅಂಟಿಕೊಂಡಿವೆ. ನಗುವಾಗ ಕೆನ್ನೆ ಏರುವುದು, ಸಿಟ್ಟು ಬಂದಾಗ ಹಣೆ ಗಂಟಿಕ್ಕುವುದು ಇದೇ ಕಾರಣಕ್ಕೆ. ಆ ಸ್ನಾಯುವಿಗೆ ಚುರುಕು ಕೊಟ್ಟರೆ ಮೇಲಿನ ಚರ್ಮವೂ ಬಿಗಿಯಾದೀತು ಎಂಬುದು ಕಂಪೆನಿಗಳ ವಾದ.

ಮುಖಕ್ಕೆ ಕರೆಂಟ್ ಮುಟ್ಟಿಸುವುದು ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ವೈದ್ಯ ಡ್ಯೂಶೆನ್ ಮುಖದಲ್ಲಿ ಸ್ಪರ್ಶಜ್ಞಾನ ಕಡಿಮೆಯಿದ್ದ ಒಬ್ಬ ಮುದುಕನ ಮುಖಕ್ಕೆ ಕರೆಂಟ್ ಮುಟ್ಟಿಸಿ, ಯಾವ ಸ್ನಾಯು ಎಳೆದರೆ ಯಾವ ಭಾವ ಬರುತ್ತದೆ ಎಂದು ಫೋಟೊ ತೆಗೆದು 1862ರಲ್ಲಿ ಪುಸ್ತಕ ಮಾಡಿದ್ದರು. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯುವೂ ನಗುತ್ತದೆ ಎಂದು ಕಂಡುಕೊಂಡದ್ದು ಅವರೇ. ಇವತ್ತಿಗೂ ಅಂಥ ನಗುವಿಗೆ ಅವರದೇ ಹೆಸರು.

ಪ್ರಯೋಜನ ಉಂಟಾ?

ಜಾಹೀರಾತಿನಲ್ಲಿ ಆಗಾಗ ಕೇಳಿಬರುವ ಒಂದು ಮಾತು, "ಮೈಕ್ರೊಕರೆಂಟ್ ಜೀವಕೋಶದ ಶಕ್ತಿಯನ್ನು 500 ಶೇಕಡದವರೆಗೆ ಹೆಚ್ಚಿಸುತ್ತದೆ" ಎಂಬುದು. ಇದರ ಮೂಲ 1982ರಲ್ಲಿ ಬೆಲ್ಜಿಯಂನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ. ಅದು ನಡೆದದ್ದು ಇಲಿಯ ಚರ್ಮದ ಮೇಲೆ. ಮೈಕ್ರೊಆಂಪಿಯರ್ ಮಟ್ಟದ ಕರೆಂಟ್ ಕೊಟ್ಟಾಗ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ವಸ್ತು ಹೆಚ್ಚಿತು, ಕರೆಂಟ್ ಜೋರು ಮಾಡಿದಾಗ ಆ ಲಾಭ ಹೋಯಿತು. ಅಧ್ಯಯನ ಸುಳ್ಳಲ್ಲ. ಆದರೆ ಇಲಿಯ ಚರ್ಮದ ತುಂಡಿನಲ್ಲಿ ಕಂಡದ್ದಕ್ಕೂ ಐವತ್ತು ದಾಟಿದ ಹೆಂಗಸಿನ ಕೆನ್ನೆ ಮೇಲೇರುವುದಕ್ಕೂ ನಡುವೆ ಬಹಳ ದೂರ ಉಂಟು.

ಬಳಸಿದವರು "ಮುಖ ಫ್ರೆಶ್ ಕಾಣ್ತದೆ, ಸ್ವಲ್ಪ ಬಿಗಿ ಅನ್ನಿಸ್ತದೆ" ಎಂದು ಹೇಳುವುದು ನಿಜ. ಆದರೆ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಅಮೆರಿಕದ ನ್ಯೂಫೇಸ್ ಕಂಪೆನಿ ಹೇಳುವ ಲೆಕ್ಕ ನೋಡಿ: ಮೊದಲ 60 ದಿನ ವಾರಕ್ಕೆ 5 ದಿನ, ದಿನಕ್ಕೆ 5 ನಿಮಿಷ. ಆಮೇಲೂ ವಾರಕ್ಕೆ ಎರಡು ಮೂರು ಸಲ ಮಾಡುತ್ತಲೇ ಇರಬೇಕು. ಬಿಟ್ಟರೆ ಮುಖ ಮೊದಲಿನಂತೆಯೇ. ಮದುವೆಗೆ ಮೂರು ವಾರ ಇರುವಾಗ ಶುರು ಮಾಡಿದರೆ ಸಿಗುವುದು 15 ದಿನವಷ್ಟೇ.

ವಯಸ್ಸಾದಂತೆ ಮುಖ ಇಳಿಯುವುದಕ್ಕೆ ಸ್ನಾಯು ಒಂದೇ ಕಾರಣವಲ್ಲ. ಚರ್ಮದ ಕೆಳಗಿನ ಕೊಬ್ಬು ಕರಗಿ ಜಾರುತ್ತದೆ, ಚರ್ಮವನ್ನು ಗಟ್ಟಿಯಾಗಿಡುವ ಕೊಲಾಜನ್ ಕಡಿಮೆಯಾಗುತ್ತದೆ, ಮುಖದ ಎಲುಬು ಕೂಡ ಸವೆಯುತ್ತದೆ. ಎಲುಬು ಸವೆದದ್ದನ್ನು, ಕೊಬ್ಬು ಕರಗಿದ್ದನ್ನು ಈ ಯಂತ್ರ ತುಂಬಿಕೊಡುವುದಿಲ್ಲ.

"ಅಮೆರಿಕದ ಎಫ್‌ಡಿಎ ಒಪ್ಪಿದೆ" ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಅಲ್ಲಿ 'ಅಪ್ರೂವ್ಡ್' ಎಂಬ ಪದ ಇರುವುದಿಲ್ಲ, 'ಕ್ಲಿಯರ್ಡ್' ಎಂದಿರುತ್ತದೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಅಂಥದೇ ಯಂತ್ರಕ್ಕೆ ಇದೂ ಸಮಾನ ಎಂದು ಒಪ್ಪಿ ಮಾರಲು ಬಿಟ್ಟಿದ್ದಾರೆ ಎಂದು ಅದರ ಅರ್ಥ. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಎಂಬ ಗ್ಯಾರಂಟಿ ಅದಲ್ಲ.

ಯಾರು ಮುಟ್ಟಲೇಬಾರದು

ಈಗ ಉಮ್ಮನ ಪ್ರಶ್ನೆಗೆ ಬರೋಣ. ಪೇಸ್‌ಮೇಕರ್ ಹೃದಯದ ಬಡಿತವನ್ನು ಸದಾ ಕಾಯುತ್ತಾ ಕೂತಿರುತ್ತದೆ. ಹೃದಯ ತಾನಾಗಿ ಬಡಿಯದಿದ್ದರೆ ತಾನೊಂದು ಸಣ್ಣ ವಿದ್ಯುತ್ ತಟ್ಟು ಕೊಡುತ್ತದೆ. ಹೊರಗಿನಿಂದ ಬಂದ ಕರೆಂಟನ್ನು ಅದು ಹೃದಯದ ಸಂಕೇತ ಎಂದೇ ತಪ್ಪು ತಿಳಿದರೆ, "ಹೃದಯ ಬಡಿಯುತ್ತಾ ಉಂಟಲ್ಲ" ಎಂದು ಸುಮ್ಮನಾಗುವ ಸಾಧ್ಯತೆ ಉಂಟು. ಕೆನ್ನೆ ಬೇರೆ ಎದೆ ಬೇರೆ ಎಂದು ನಮಗೆ ಅನ್ನಿಸುತ್ತದೆ. ಆದರೆ ದೇಹ ಇಡೀ ಉಪ್ಪುನೀರು ತುಂಬಿದ್ದು, ಕರೆಂಟ್ ಹರಿಯುವಂಥದ್ದು. ಅಪಾಯ ಆಗಿಯೇ ಆಗುತ್ತದೆ ಎಂದಲ್ಲ. ಚಂದಕ್ಕಾಗಿ ಆ ಪರೀಕ್ಷೆಗೆ ಇಳಿಯುವುದು ಬೇಡ ಎಂದೇ ಕಂಪೆನಿಗಳೂ ಎಚ್ಚರಿಕೆ ಬರೆದಿರುತ್ತವೆ.

ಇವರು ಯಂತ್ರವನ್ನು ದೂರವೇ ಇಡಬೇಕು:

• ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರಾವುದೇ ವಿದ್ಯುತ್ ಉಪಕರಣ ಇರುವವರು.

• ಅಪಸ್ಮಾರ, ಅಂದರೆ ಫಿಟ್ಸ್ ಬರುವವರು.

• ಗರ್ಭಿಣಿಯರು.

• ಕ್ಯಾನ್ಸರ್ ಇರುವವರು, ಚಿಕಿತ್ಸೆಯಲ್ಲಿರುವವರು.

ಅಪಘಾತದ ನಂತರ ಮುಖದಲ್ಲಿ ಲೋಹದ ಪ್ಲೇಟ್ ಹಾಕಿಸಿಕೊಂಡವರು, ಬೊಟಾಕ್ಸ್ ಅಥವಾ ಫಿಲ್ಲರ್ ಚುಚ್ಚಿಸಿಕೊಂಡವರು, ಹೃದಯದ ಬೇರೆ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗಾಯ, ಕೀವು ತುಂಬಿದ ಮೊಡವೆ, ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಬೇಡ. ಕಣ್ಣಿನ ರೆಪ್ಪೆಯ ಮೇಲೆ ಬೇಡ. ಕುತ್ತಿಗೆಗೆ ಹಚ್ಚುವಾಗ ನಡುವಿನ ಗಂಟಲ ಭಾಗ ಬಿಡಬೇಕು, ಅಲ್ಲಿ ಥೈರಾಯ್ಡ್ ಗ್ರಂಥಿ ಉಂಟು. ಹದಿನೆಂಟು ತುಂಬದ ಹೆಣ್ಣುಮಕ್ಕಳ ಕೈಗೆ ಆಟಕ್ಕೂ ಕೊಡಬೇಡಿ.

ಇನ್ನೊಂದು ಮಾತು ಬಹಳ ಮುಖ್ಯ. ಮುಖದ ಒಂದು ಬದಿ ಒಮ್ಮೆಲೇ ಜೋತು ಬಿದ್ದರೆ, ಬಾಯಿ ಒಂದು ಕಡೆಗೆ ಎಳೆದರೆ, "ಆ ಯಂತ್ರ ತನ್ನಿ, ಸವರಿ ನೋಡುವ" ಎನ್ನಬೇಡಿ. ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಕೂಡಲೇ ಆಸ್ಪತ್ರೆಗೆ ಓಡಬೇಕು. ಮುಖದ ನರ ಮಾತ್ರ ಸೋತದ್ದಾದರೂ ಅದನ್ನು ಹೇಳಬೇಕಾದವರು ವೈದ್ಯರು.

ಬಳಸುವುದಾದರೆ ಹೀಗೆ

ಮೇಲಿನ ಯಾವ ತೊಂದರೆಯೂ ಇಲ್ಲದವರು ಬಳಸಬಹುದು. ಮೊದಲು ಮುಖ ಚೆನ್ನಾಗಿ ತೊಳೆಯಿರಿ. ತೆಂಗಿನೆಣ್ಣೆ, ಕ್ರೀಮಿನ ಜಿಡ್ಡು ಇರಬಾರದು, ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ. ನಂತರ ನೀರಿನಂಶದ ಜೆಲ್ ಅನ್ನು ದಪ್ಪಗೆ ಹಚ್ಚಿ. ಜೆಲ್ ಒಣಗಿದರೆ ಚುರುಕ್ಕೆನ್ನುತ್ತದೆ. ಹಾಗಾಗಿ ಒಂದು ಬದಿಗೆ ಹಚ್ಚಿ ಮುಗಿಸಿ, ಆಮೇಲೆ ಇನ್ನೊಂದು ಬದಿಗೆ ಹಚ್ಚುವುದು ಒಳ್ಳೆಯದು. ಕಡಿಮೆ ಮಟ್ಟದಲ್ಲಿ ಶುರು ಮಾಡಿ. ಎರಡೂ ಗುಂಡುಗಳು ಚರ್ಮಕ್ಕೆ ತಾಗಿರಬೇಕು. ದವಡೆಯಿಂದ ಕಿವಿಯ ಕಡೆಗೆ, ಕೆನ್ನೆಯಿಂದ ಕಿವಿಯ ಮೇಲ್ಭಾಗಕ್ಕೆ, ಹುಬ್ಬಿನಿಂದ ಕೂದಲಿನ ಗೆರೆಗೆ ನಿಧಾನವಾಗಿ ಸವರಿ. ಒತ್ತಿ ತಿಕ್ಕುವುದು ಬೇಡ. ಐದು ನಿಮಿಷ ಸಾಕು, ಅರ್ಧ ಗಂಟೆ ಮಾಡಿದರೆ ಬೇಗ ಫಲ ಸಿಗುತ್ತದೆ ಎಂಬುದಿಲ್ಲ. ಚಾರ್ಜಿಗೆ ಇಟ್ಟುಕೊಂಡು ಬಳಸಲೇಬೇಡಿ.

ಇಶಾ ನಮಾಝ್ ಮುಗಿಸಿ ಮಲಗುವ ಮುಂಚಿನ ಹೊತ್ತು ಇದಕ್ಕೆ ಅನುಕೂಲ. ವುಝೂವಿಗೆ ಜೆಲ್ ಅಡ್ಡಿಯಾಗುತ್ತದಾ ಎಂದು ಕೆಲವರು ಕೇಳುತ್ತಾರೆ. ಅದು ನೀರಿನಂಶದ್ದು, ಒಣಗಿದರೆ ತೆಳು ಪರೆಯಂತೆ ಕೂರುತ್ತದೆ, ನೀರು ಹಾಕಿ ಉಜ್ಜಿದರೆ ಪೂರ್ತಿ ಹೋಗುತ್ತದೆ. ಮುಗಿದ ಕೂಡಲೇ ತೊಳೆದುಬಿಟ್ಟರೆ ಆಯಿತು.

ಒಂದೇ ಯಂತ್ರ ಮನೆಯವರೆಲ್ಲ ಬಳಸುವುದಾದರೆ ಪ್ರತಿ ಸಲ ಗುಂಡುಗಳನ್ನು ಒರೆಸಿ ಶುಚಿ ಮಾಡಿ. ನಾವು ಮಾಡಿದ ಹಾಗೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೇರ ದಾಟಿಸಬೇಡಿ.

ಹಣದ ಮಾತು

ಹೆಸರಾಂತ ಕಂಪೆನಿಗಳ ಯಂತ್ರಕ್ಕೆ ಸುಮಾರು 200ರಿಂದ 400 ಡಾಲರ್ ಬೀಳುತ್ತದೆ. ಜೆಲ್ ಖಾಲಿಯಾದ ಹಾಗೆ ಮತ್ತೆ ಮತ್ತೆ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ "ಮೈಕ್ರೊಕರೆಂಟ್" ಎಂದು ಮಾರುವುದರಲ್ಲಿ ಎಷ್ಟೋ ಬರೀ ಗುರ್ ಎಂದು ನಡುಗುವ ಮಸಾಜ್ ಕಡ್ಡಿಗಳು. ಗುರುತಿಸುವುದು ಕಷ್ಟವಲ್ಲ: ಎರಡು ಲೋಹದ ತುದಿ ಇಲ್ಲದಿದ್ದರೆ, ಜೆಲ್ ಬೇಡ ಎಂದರೆ, ಎಷ್ಟು ಮೈಕ್ರೊಆಂಪಿಯರ್ ಎಂದು ಎಲ್ಲೂ ಬರೆದಿಲ್ಲದಿದ್ದರೆ ಸಂಶಯಪಡಿ.

ಕೈಯಲ್ಲಿ ಅಷ್ಟು ಹಣ ಇಲ್ಲದವರು ಬೇಸರ ಮಾಡಬೇಕಾಗಿಲ್ಲ. ಮುಖದ ಚರ್ಮವನ್ನು ಬೇಗ ಮುದಿಯಾಗಿಸುವ ಒಂದು ದೊಡ್ಡ ಕಾರಣ ಬಿಸಿಲು. ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ ಸುಮಾರು 900 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಮಾತ್ರ ಹಚ್ಚಿದವರಿಗಿಂತ 24 ಶೇಕಡ ಕಡಿಮೆ ಮುದಿಯಾಗಿತ್ತು. ನಮ್ಮ ಕರಾವಳಿಯ ಬಿಸಿಲು ಎಂಥದೆಂದು ಹೇಳಬೇಕಾ? ತಲೆಗೆ ಶಾಲು ಹಾಕಿದರೂ ಮುಖ ಬಿಸಿಲಿಗೆ ಬಿದ್ದೇ ಬೀಳುತ್ತದೆ. ಯಂತ್ರದ ಹಣದಲ್ಲಿ ಸನ್‌ಸ್ಕ್ರೀನ್ ಎಷ್ಟೋ ಕಾಲಕ್ಕೆ ಬರುತ್ತದೆ.

ಇನ್ನು ನಮ್ಮ ಮನೆಯ ಕಥೆ. ಆ ರಾತ್ರಿ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. "ನಾನು ಪ್ರೀತಿಯಿಂದ ತಂದದ್ದು, ಎಂಥ ಮಾಡಿಬಿಡ್ತಿದ್ದೆ ನೋಡು" ಎಂದು ಕಣ್ಣು ತುಂಬಿಕೊಂಡಳು. ಮರುದಿನ ಉಮ್ಮನ ಪೇಸ್‌ಮೇಕರ್ ಕಾರ್ಡನ್ನು ಕಪಾಟಿನಿಂದ ತೆಗೆದು ಒಂದನ್ನು ಝೆರಾಕ್ಸ್ ಮಾಡಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದೆವು. ಮೂಲ ಕಾರ್ಡು ಈಗ ಉಮ್ಮನ ಪರ್ಸಿನಲ್ಲೇ ಇರುತ್ತದೆ.

ಮೈಲಾಂಜಿ ರಾತ್ರಿ ಉಮ್ಮ ಕೆನ್ನೆಗೆ ಏನೂ ಹಚ್ಚದೆ ಕೂತಿದ್ದರು. ಮೊಮ್ಮಗಳು ಏನೋ ತಮಾಷೆ ಹೇಳಿದಾಗ ಕಣ್ಣಿನ ಸುತ್ತ ಗೆರೆಗಳೆಲ್ಲ ಕೂಡಿ ನಕ್ಕರು. ಮದುವೆಯ ಫೋಟೊಗಳಲ್ಲಿ ನಾವೆಲ್ಲ ಮೊದಲು ಹುಡುಕುವುದು ಅದನ್ನೇ.

ನಿಮ್ಮ ಮನೆಗೂ ಇಂಥದೊಂದು ಡಬ್ಬ ಬಂದರೆ ಮೊದಲು ಒಳಗಿನ ಕಾಗದ ಬಿಚ್ಚಿ. ಇಂಗ್ಲಿಷ್ ಬರುವ ಮಕ್ಕಳ ಕೈಗೆ ಕೊಟ್ಟು ಜೋರಾಗಿ ಓದಿಸಿ. ಮನೆಯ ಹಿರಿಯರೂ ಕೂತು ಕೇಳಲಿ.