ವಿವೇಕ: ಶಬ್ದದ ಅರ್ಥ ಮತ್ತು ಬಳಕೆ

ಶಾಲೆ-ಕಾಲೇಜುಗಳ ಸಮಾರಂಭಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಶಬ್ದಗಳಲ್ಲಿ ‘ವಿವೇಕ’ವೂ ಒಂದು. ವಿದ್ಯಾರ್ಥಿಗಳು ವಿವೇಕಿಗಳಾಗಲೆಂದು ಅತಿಥಿಗಳು ಹಾರೈಸುತ್ತಾರೆ. ವಿದ್ಯೆಯೊಡನೆ ವಿವೇಕವೂ ಬೆಳೆಯಬೇಕೆಂದು ವಾರ್ಷಿಕ ವರದಿಗಳಲ್ಲಿ ಬರೆಯಲಾಗುತ್ತದೆ. ಇಷ್ಟು ಬಳಕೆಯಾದ ಶಬ್ದವು ಹಳೆಯ ನಾಣ್ಯದಂತೆ ಸವೆಯುವುದು ಸಹಜವೇ. ಇಂದು ಅದನ್ನು ಕೆಲವರು ವಿನಯವೆಂಬ ಅರ್ಥದಲ್ಲಿ, ಕೆಲವರು ಜಾಣತನವೆಂಬ ಅರ್ಥದಲ್ಲಿ ಬಳಸುತ್ತಿರುವರು. ಹಿರಿಯರಿಗೆ ಎದುರಾಡದೆ ಸುಮ್ಮನಿರುವ ಹುಡುಗನನ್ನು ‘ವಿವೇಕಿ’ ಎಂದು ಹೊಗಳುವುದೂ ಉಂಟು. ಶಬ್ದದ ಮೂಲವನ್ನು ನೋಡಿದರೆ ಈ ಹೊಗಳಿಕೆ ಅಲ್ಲಿಗೆ ಹೊಂದುವುದಿಲ್ಲ.

‘ವಿವೇಕ’ವು ಸಂಸ್ಕೃತದ ‘ವಿಚ್’ ಎಂಬ ಧಾತುವಿಗೆ ‘ವಿ’ ಉಪಸರ್ಗ ಸೇರಿ ಬಂದ ಶಬ್ದ. ಬೇರ್ಪಡಿಸು, ವಿಂಗಡಿಸು ಎಂಬುದು ಆ ಧಾತುವಿನ ಅರ್ಥ. ಅದರಲ್ಲಿಯೂ ಪ್ರಾಚೀನ ಪ್ರಯೋಗಗಳಲ್ಲಿ ಅದು ಕಾಳಿನಿಂದ ಹೊಟ್ಟನ್ನು ಬೇರೆ ಮಾಡುವ ಕ್ರಿಯೆಗೆ, ಅಂದರೆ ತೂರುವ ಕೆಲಸಕ್ಕೆ ಸಲ್ಲುತ್ತಿತ್ತು. ವೇದಾಂತದ ಗ್ರಂಥಗಳಲ್ಲಿ ಗಂಭೀರವಾಗಿ ಕುಳಿತಿರುವ ಈ ಪದದ ಬೇರು ಒಕ್ಕಲಿಗನ ಕಣದಲ್ಲಿದೆ ಎಂಬುದು ಬಹು ಜನರಿಗೆ ಹೊಳೆಯದ ಸಂಗತಿ.

ಜಮಖಂಡಿ, ಮುಧೋಳ, ಬೀಳಗಿಗಳ ಎರೆಭೂಮಿಯ ಹಿಂಗಾರಿ ಜೋಳವನ್ನು ಕಂಡವರಿಗೆ ಈ ಕ್ರಿಯೆಯನ್ನು ವಿವರಿಸಬೇಕಾಗಿಲ್ಲ. ಹಂತಿ ಹೊಡೆದ ಬಳಿಕ ಗಾಳಿ ಬರುವ ಹೊತ್ತನ್ನು ಕಾದು, ಎತ್ತರದಲ್ಲಿ ನಿಂತು ರಾಶಿಯನ್ನು ತೂರುತ್ತಿದ್ದರು. ಹೊಟ್ಟು ಹಗುರವಾದುದರಿಂದ ದೂರ ಹೋಗಿ ಬೀಳುತ್ತಿತ್ತು, ಕಾಳು ಕಾಲ ಬುಡದಲ್ಲಿಯೇ ಉಳಿಯುತ್ತಿತ್ತು. ಈಗ ಹಂತಿಯ ಬದಲು ರಾಶಿಯ ಯಂತ್ರಗಳು ಬಂದಿವೆ. ಆದರೂ ಕಣದಿಂದ ಮನೆಗೆ ಬಂದ ಜೋಳವನ್ನು ಹೆಣ್ಣುಮಕ್ಕಳು ಮೊರದಲ್ಲಿ ಹಾಕಿ ಹಸನು ಮಾಡುವ ಕೆಲಸ ಪೂರ್ಣವಾಗಿ ನಿಂತಿಲ್ಲ. ಈ ಎರಡನೆಯ ಕೆಲಸವೇ ಹೆಚ್ಚು ಕಷ್ಟದ್ದು. ಹೊಟ್ಟನ್ನು ಗಾಳಿಯೇ ಒಯ್ಯುತ್ತದೆ. ಕಾಳಿನಷ್ಟೇ ಗಾತ್ರದ, ಕಾಳಿನಷ್ಟೇ ತೂಕದ ಹರಳು ಗಾಳಿಗೆ ಹಾರುವುದಿಲ್ಲ; ಅದನ್ನು ಕಣ್ಣಿಟ್ಟು, ಬೆರಳಿಟ್ಟು ತೆಗೆಯಬೇಕಾಗುತ್ತದೆ. ಕೆಡುಕನ್ನು ಒಳಿತಿನಿಂದ ಬೇರ್ಪಡಿಸಲು ಸಾಮಾನ್ಯ ಬುದ್ಧಿಯೇ ಸಾಕು. ಒಳಿತಿನಂತೆಯೇ ತೋರುವುದನ್ನು ಒಳಿತಿನಿಂದ ಬೇರ್ಪಡಿಸುವಲ್ಲಿ ವಿವೇಕದ ಅಗತ್ಯ ಬೀಳುತ್ತದೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಹೇಳುವುದು ಇದನ್ನೇ. ಹಾಲು-ನೀರುಗಳನ್ನು ಬೇರ್ಪಡಿಸುವ ಹಂಸದ ಕಲ್ಪನೆಯಿಂದ ‘ನೀರಕ್ಷೀರ ವಿವೇಕ’ ಎಂಬ ನುಡಿ ಬಂದುದೂ ಇದೇ ಕಾರಣದಿಂದ. ಆ ಎರಡೂ ಬೆರೆತಾಗ ಬರಿಗಣ್ಣಿಗೆ ಒಂದೇ ಆಗಿ ಕಾಣುತ್ತವೆ.

ಶಾಸ್ತ್ರಕಾರರು ಈ ಅರ್ಥವನ್ನು ಕೈಬಿಟ್ಟಿಲ್ಲ. ಅದ್ವೈತಿಗಳು ಸಾಧಕನಿಗೆ ಹೇಳಿದ ನಾಲ್ಕು ಸಾಧನಗಳಲ್ಲಿ ಮೊದಲನೆಯದು ನಿತ್ಯಾನಿತ್ಯವಸ್ತು ವಿವೇಕ. ‘ಸಿದ್ಧಾಂತಶಿಖಾಮಣಿ’ಯು ಭಕ್ತಸ್ಥಲದ ಆರಂಭದಲ್ಲಿ ಪಿಂಡಸ್ಥಲವನ್ನು ಹೇಳಿ ಒಡನೆಯೇ ಪಿಂಡಜ್ಞಾನಸ್ಥಲವನ್ನು ಇಡುತ್ತದೆ, ಶರೀರ ಯಾವುದು, ಆತ್ಮ ಯಾವುದು ಎಂದು ಬೇರ್ಪಡಿಸಿ ಅರಿಯುವುದು ಅಲ್ಲಿಯ ವಿಷಯ. ಬೇರೆ ಭಾಷೆಗಳಲ್ಲಿಯೂ ಇಂಥ ಹುಟ್ಟು ಉಂಟು. ಇಂಗ್ಲಿಷಿನ ‘ಕ್ರಿಟಿಕ್’ ಎಂಬುದರ ಮೂಲವಾದ ಗ್ರೀಕ್ ಕ್ರಿಯಾಪದಕ್ಕೆ ಬೇರ್ಪಡಿಸು, ತೀರ್ಮಾನಿಸು ಎಂಬ ಅರ್ಥಗಳಿವೆ. ಆದರೆ ವಿವೇಕಕ್ಕೆ ಸಮವೆಂದು ಸಾಮಾನ್ಯವಾಗಿ ಕೊಡಲಾಗುವ ‘ಪ್ರೂಡೆನ್ಸ್’ ಎಂಬುದು ಲ್ಯಾಟಿನ್ನಿನ ‘ಮುಂದನ್ನು ಕಾಣು’ ಎಂಬ ಮೂಲದಿಂದ ಬಂದುದು. ಆ ಶಬ್ದ ದೂರಕ್ಕೆ ನೋಡುತ್ತದೆ, ಕನ್ನಡಿಗರು ಬಳಸುವ ಶಬ್ದ ಒಳಕ್ಕೆ ನೋಡುತ್ತದೆ. ದೂರನೋಟಕ್ಕೆ ಕನ್ನಡದಲ್ಲಿ ‘ಮುಂದಾಲೋಚನೆ’ ಎಂಬ ಬೇರೆ ಪದವೇ ಇದೆ. ಅನುವಾದಕರು ಈ ಎರಡನ್ನೂ ಒಂದೇ ಗೂಟಕ್ಕೆ ಕಟ್ಟುವುದು ಸರಿಯಲ್ಲ.

ವಿವೇಕದ ನೆರೆಹೊರೆಯ ಪದಗಳಲ್ಲಿ ‘ತಾರತಮ್ಯ’ದ ಗತಿ ವಿಚಿತ್ರವಾದುದು. ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ, ಅಂದರೆ ಒಂದಕ್ಕಿಂತ ಒಂದು ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಎಂದು ತೋರಿಸುವ ಪ್ರತ್ಯಯಗಳಿಂದಲೇ ಈ ಪದ ಆಗಿದೆ. ಹಿಂದೆ ‘ತಾರತಮ್ಯಜ್ಞಾನ ಉಳ್ಳವನು’ ಎಂದರೆ ಹೆಚ್ಚು-ಕಡಿಮೆಗಳನ್ನು ತೂಗಿ ನೋಡಬಲ್ಲವನು ಎಂಬ ಮೆಚ್ಚುಗೆ ಇತ್ತು. ಇಂದಿನ ಪತ್ರಿಕೆಗಳಲ್ಲಿ ತಾರತಮ್ಯವೆಂದರೆ ಭೇದಭಾವ, ಅನ್ಯಾಯ. ಒಳ್ಳೆಯ ಪದವೊಂದು ಎದುರು ಪಕ್ಷಕ್ಕೆ ಸೇರಿಹೋಯಿತು. ಇನ್ನು ಆಡುಮಾತಿಗೆ ಬಂದರೆ ಈ ಭಾಗದ ಹಳ್ಳಿಗಳಲ್ಲಿ ‘ವಿವೇಕಿ’ ಎಂಬುದನ್ನು ಕೇಳುವುದು ಅಪರೂಪ; ‘ತಿಳಿವಳಿಕಿ ಇದ್ದಾಂವ’ ಎನ್ನುತ್ತಾರೆ, ಇಲ್ಲವೆ ‘ಶಾಣ್ಯಾ’ ಎನ್ನುತ್ತಾರೆ. ಶಾಣ್ಯಾ ಎಂಬುದು ಮರಾಠಿಯ ‘ಶಹಾಣಾ’. ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಆಳಿಕೆ 1948ರವರೆಗೆ ನಡೆದ ನೆಲದಲ್ಲಿ ಅದು ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪದಕ್ಕೆ ಎರಡು ಅಲಗುಗಳಿವೆ. ತಾಯಿ ಮಗುವಿಗೆ ‘ಶಾಣ್ಯಾ ಅದಿ’ ಎಂದರೆ ಮುದ್ದು. ಸಂತೆಯಲ್ಲಿ ಒಬ್ಬನನ್ನು ‘ಬಾಳ ಶಾಣ್ಯಾ ಅದಾನ’ ಎಂದರೆ ಅವನೊಡನೆ ಎಚ್ಚರದಿಂದ ವ್ಯವಹರಿಸಬೇಕೆಂದು ಅರ್ಥ. ತನ್ನ ಲಾಭಕ್ಕೆ ಮಾತ್ರ ವಿಂಗಡಿಸಬಲ್ಲವನನ್ನು ವಿವೇಕಿ ಎನ್ನಲಾಗದು ಎಂಬುದನ್ನು ಸಂತೆಯ ಜನ ಧ್ವನಿಯ ಏರಿಳಿತದಲ್ಲಿಯೇ ಹೇಳಿಬಿಡುತ್ತಾರೆ.

‘ವಿವೇಚನೆ’ಯು ಇದೇ ಧಾತುವಿನ ಇನ್ನೊಂದು ರೂಪ. ಅದು ವಿಂಗಡಿಸುವ ಕೆಲಸ, ವಿವೇಕವು ಆ ಕೆಲಸವನ್ನು ಬಲ್ಲ ಗುಣ. ಆಡಳಿತದ ಭಾಷೆಯಲ್ಲಿ ಈ ಪದಕ್ಕೆ ‘ಅಧಿಕಾರ’ ಸೇರಿ ‘ವಿವೇಚನಾಧಿಕಾರ’ವಾಗಿದೆ. ಅಲ್ಲಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ವಿವೇಚನೆಗೆ ಬಿಟ್ಟದ್ದು ಎಂದರೆ ಅಧಿಕಾರಿಯ ಇಚ್ಛೆಗೆ ಬಿಟ್ಟದ್ದು ಎಂದು ಅನೇಕರು ಭಾವಿಸುತ್ತಾರೆ. ಇದಕ್ಕೆ ಕರ್ನಾಟಕದಲ್ಲಿಯೇ ಹುಟ್ಟಿ ದೇಶಕ್ಕೆ ಪಾಠವಾದ ಒಂದು ಪ್ರಕರಣವುಂಟು. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರು ಬೆಂಬಲ ಹಿಂದೆಗೆದುಕೊಂಡಿರುವುದಾಗಿ ಬರೆದ ಪತ್ರಗಳನ್ನು ನಂಬಿ, ಎಸ್. ಆರ್. ಬೊಮ್ಮಾಯಿಯವರ ಸರಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದರು. ಆ ಶಾಸಕರಲ್ಲಿ ಕೆಲವರು ತಮ್ಮ ಮಾತನ್ನು ಬದಲಿಸಿದರು. ವಿಧಾನಸಭೆಯಲ್ಲಿಯೇ ಬಹುಮತ ತೋರಿಸುವುದಾಗಿ ಮುಖ್ಯಮಂತ್ರಿಗಳು ಕೇಳಿಕೊಂಡರು. ಆದರೂ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪು ನೀಡಿ, ಬಹುಮತವು ಸದನದಲ್ಲಿ ಪರೀಕ್ಷೆಗೊಳ್ಳಬೇಕಾದ ಸಂಗತಿಯೇ ಹೊರತು ರಾಜ್ಯಪಾಲರ ಸ್ವಂತ ಅಭಿಪ್ರಾಯದ ಸಂಗತಿಯಲ್ಲವೆಂದು ಹೇಳಿತು; ಕರ್ನಾಟಕದ ಆ ವಜಾ ಕ್ರಮ ಸಂವಿಧಾನಬಾಹಿರವೆಂದೂ ನಿರ್ಣಯಿಸಿತು. ಕಾಳು ಯಾವುದು, ಹೊಟ್ಟು ಯಾವುದು ಎಂಬುದು ಹತ್ತು ಜನರ ಕಣ್ಣೆದುರಿಗೆ, ಬಯಲು ಕಣದಲ್ಲಿ ತೂರಿದಾಗಲೇ ತಿಳಿಯಬೇಕಾದುದು.

ಉಪಾಧ್ಯಾಯರ ಕೈಯಲ್ಲಿಯೂ ಇಂಥ ಅಧಿಕಾರ ಚಿಕ್ಕ ಪ್ರಮಾಣದಲ್ಲಿ ದಿನವೂ ಇರುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಿಂದ ಬಂದ ಹುಡುಗ ಮೊದಲನೆಯ ತಾಸಿನಲ್ಲಿಯೇ ತೂಕಡಿಸುತ್ತಾನೆ. ಅದು ಸೋಮಾರಿತನವಿರಬಹುದು, ರಾತ್ರಿ ಮನೆಯ ಮಗ್ಗದ ಸದ್ದಿನಲ್ಲಿ ನಿದ್ರೆ ಬಾರದೆ ಇದ್ದುದೂ ಇರಬಹುದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬೆತ್ತ ಎತ್ತುವ ಮೊದಲು, ಹಾಗೆಯೇ ಕ್ಷಮಿಸುವ ಮೊದಲೂ, ಇದು ಯಾವುದೆಂದು ತಿಳಿಯುವ ತನಕದ ಒಂದು ದಿನದ ತಾಳ್ಮೆ ಅಲ್ಲಿ ಬೇಕಾಗುತ್ತದೆ.

ಆದರೆ ಬೇರ್ಪಡಿಸಿ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದೇ? ಮುಧೋಳದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ಕವಿ ರನ್ನನು ಹತ್ತನೆಯ ಶತಮಾನದಲ್ಲಿಯೇ ‘ಗದಾಯುದ್ಧ’ದಲ್ಲಿ ಈ ಪ್ರಶ್ನೆಯನ್ನು ಕಾವ್ಯವಾಗಿ ನಿಲ್ಲಿಸಿದ್ದಾನೆ. ಅವನ ದುರ್ಯೋಧನನಿಗೆ ಬುದ್ಧಿಯ ಕೊರತೆ ಇಲ್ಲ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವಾಗ ಯಾರು ಯಾರಿಗೆ ಏನಾಗಿದ್ದರೆಂಬುದನ್ನು ಆತ ಸ್ಪಷ್ಟವಾಗಿಯೇ ಅರಿಯುತ್ತಾನೆ. ಶರಶಯ್ಯೆಯ ಮೇಲಿನ ಭೀಷ್ಮನು ಸಂಧಿಯ ಮಾತನ್ನಾಡುತ್ತಾನೆ. ಅದು ಒಪ್ಪಿಗೆಯಾಗದಿದ್ದಾಗ, ಬಲರಾಮನೂ ಅಶ್ವತ್ಥಾಮಾದಿಗಳೂ ಬಂದು ಕೂಡುವವರೆಗೆ ವೈಶಂಪಾಯನ ಸರೋವರದಲ್ಲಿ ಇರೆಂದು ಹೇಳುತ್ತಾನೆ. ದುರ್ಯೋಧನನು ಕೊಳಕ್ಕೇನೋ ಇಳಿದನು. ಭೀಮನ ಮೂದಲೆಯ ಕೂಗು ಕೇಳಿಸಿದೊಡನೆ ಕಾಯಬೇಕಾದ ಆ ಒಂದು ದಿನವನ್ನು ಕಾಯಲಾರದೆ ಮೇಲೆ ಬಂದನು. ಓದುಗರಿಗೆ ಅವನು ಆ ಕ್ಷಣದಲ್ಲಿಯೇ ಅತ್ಯಂತ ಪ್ರಿಯನಾಗುವನು, ಅದು ರನ್ನನ ಹಿರಿಮೆ. ಆದರೆ ಅರಿವಿದ್ದವನನ್ನು ಛಲವು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿ ತಂದಿತೆಂಬುದನ್ನು ಅದೇ ಕವಿ ಮರೆಮಾಚಿಲ್ಲ.

ಈ ಹೊತ್ತಿನ ಅಂಶವನ್ನು ಹೇಳಲು ಸಂಸ್ಕೃತದ ಪದ ಸಾಲದಾದಾಗ ಕನ್ನಡಿಗರು ತಮ್ಮದೇ ಆದ ‘ಹದ’ವನ್ನು ತರುತ್ತಾರೆ. ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನವೇ ಕೂರಿಗೆ ಹೂಡಿದರೆ ಮಣ್ಣು ಅಂಟುತ್ತದೆ, ಬಹಳ ದಿನ ಬಿಟ್ಟರೆ ನೆಲ ಬಿರಿಯುತ್ತದೆ. ನಡುವಿನ ಕೆಲವೇ ದಿನಗಳು ಹದ. ಮಹಾಲಿಂಗಪುರದ ಸುತ್ತಿನ ಗಾಣಗಳಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವಾಗ ಅನುಭವಿಯು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಮೊದಲೇ ಇಳಿಸಿದರೆ ಪೆಂಟೆ ನಿಲ್ಲುವುದಿಲ್ಲ, ತಡವಾದರೆ ಬೆಲ್ಲ ಕರಿದಾಗುತ್ತದೆ. ಮಗ್ಗದ ಮೇಲೆ ಹಾಸಿನ ಒಂದು ಎಳೆ ಕಡಿದುದನ್ನು ಕಂಡ ನೇಕಾರನು ಲಾಳಿಯನ್ನು ಅಲ್ಲಿಯೇ ನಿಲ್ಲಿಸಿ ಗಂಟು ಹಾಕಬೇಕು. ಹತ್ತು ಗೇಣು ನೇಯ್ದ ಮೇಲೆ ಕಂಡರೆ ಸೀರೆಯುದ್ದಕ್ಕೂ ಗೀರು ಬಿದ್ದಿರುತ್ತದೆ. ವಿವೇಕವು ಯಾವುದು ಎಂಬುದನ್ನು ತಿಳಿಸಿದರೆ ಹದವು ಯಾವಾಗ ಎಂಬುದನ್ನು ತಿಳಿಸುತ್ತದೆ. ಬಲ್ಲವರ ನಡೆಯಲ್ಲಿ ಇವೆರಡನ್ನು ಬಿಡಿಸಿ ನೋಡುವುದು ಸುಲಭವಲ್ಲ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜು ಇದಕ್ಕೆ ದೊಡ್ಡ ಉದಾಹರಣೆ. ಶ್ರಮಬಿಂದು ಸಾಗರವೆಂಬ ಹೆಸರು ಪಡೆದ ಆ ಕಾರ್ಯದ ಮುಂದಾಳು ಸಿದ್ದು ನ್ಯಾಮಗೌಡರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿಬಂದ ಅವರು 2018ರಲ್ಲಿ ತೀರಿಕೊಂಡರು. ಈ ಕಾರ್ಯವನ್ನು ಸಾಮಾನ್ಯವಾಗಿ ಸಾಹಸವೆಂದು ಕೊಂಡಾಡುತ್ತಾರೆ. ಸಾಹಸ ಹೌದು, ಅದರೊಳಗಿನ ವಿವೇಕದ ಕಡೆಗೆ ಗಮನ ಹೋದುದು ಕಡಿಮೆ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ನದಿಯೇ ಬೇಸಿಗೆಯಲ್ಲಿ ಬತ್ತುತ್ತಿತ್ತು. ನೀರಿಲ್ಲವೆಂಬ ಕೊರತೆಯನ್ನೂ ನೀರು ನಿಲ್ಲುವುದಿಲ್ಲವೆಂಬ ಕೊರತೆಯನ್ನೂ ಬೇರ್ಪಡಿಸಿ ನೋಡಿದವರಿಗೆ ಮಾತ್ರ ಅಂಥ ಕಟ್ಟಡದ ಯೋಚನೆ ಬಂದೀತು. ಸರಕಾರವೇ ಮಾಡಬೇಕಾದುದು ಯಾವುದು, ಕಾಯದೆ ಮಾಡಿಕೊಳ್ಳಬಹುದಾದುದು ಯಾವುದು ಎಂಬ ವಿಂಗಡಣೆಯೂ ಅಲ್ಲಿತ್ತು. ಇಂಥ ಬ್ಯಾರೇಜುಗಳ ಬಳಕೆಯಲ್ಲಿ ಹದದ ಮಾತೂ ಬರುತ್ತದೆ. ಪ್ರವಾಹ ಇಳಿಯುವ ಮೊದಲೇ ಗೇಟು ಹಾಕಿದರೆ ದಡದ ಹೊಲಗಳಿಗೆ ನೀರು ನುಗ್ಗುತ್ತದೆ, ಹರಿವು ಕುಗ್ಗಿದ ಮೇಲೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ.

ಅದೇ ನದಿಯ ಕೆಳಗಿನ ಆಲಮಟ್ಟಿಯ ಹಿನ್ನೀರು ಈ ಸೀಮೆಗೆ, ವಿಶೇಷವಾಗಿ ಬೀಳಗಿಗೆ, ಇನ್ನೊಂದು ಪರೀಕ್ಷೆಯನ್ನು ತಂದಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಯೋಜನೆಗಾಗಿ ಮುಳುಗಡೆಯಾಗಲಿರುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿತು. ಹೊಲವು ವರ್ಷ ವರ್ಷ ಕೊಡುತ್ತಿದ್ದುದು ಉತ್ಪನ್ನ. ಹೊಲದ ಬದಲು ಒಮ್ಮೆಗೇ ಬರುವುದು ಮೂಲಧನ. ಕೈಗೆ ಬಂದಾಗ ಎರಡೂ ನೋಟುಗಳೇ. ಮೊರದಲ್ಲಿನ ಕಾಳು-ಹರಳುಗಳಂತೆ ತೂಕದಲ್ಲಿ ಭೇದ ತೋರುವುದಿಲ್ಲ. ಮೂಲಧನವನ್ನು ಉತ್ಪನ್ನವೆಂದು ಬಗೆದು ಮದುವೆ, ವಾಹನಗಳಿಗೆ ಸುರಿದ ಮನೆಗೆ ಮರುವರ್ಷ ಹಿಂಗಾರಿಯ ರಾಶಿ ಬರುವುದಿಲ್ಲ. ಮೂವತ್ತು ಲಕ್ಷವನ್ನು ಶೇಕಡಾ 6ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1,80,000 ರೂಪಾಯಿ ಬರುತ್ತದೆ. ಬೆಲೆಗಳು ಏರುತ್ತ ಹೋದಂತೆ ಆ ಮೊತ್ತದ ಬಲ ಕುಗ್ಗುತ್ತದೆ. ಅದೇ ಹಣಕ್ಕೆ ಬೇರೆಡೆ ಎಷ್ಟು ಭೂಮಿ ಸಿಕ್ಕೀತು ಎಂಬುದು ಅದರ ಪಕ್ಕದ ಲೆಕ್ಕ. ಬಡ್ಡಿಯ ಪಾಠವನ್ನು ಕಲಿಸುವ ಗಣಿತದ ಉಪಾಧ್ಯಾಯರು ಪುಸ್ತಕದಲ್ಲಿಯ ಕಲ್ಪಿತ ಅಂಕಿಗಳ ಬದಲು ಈ ಲೆಕ್ಕವನ್ನೇ ಫಳಿಯ ಮೇಲೆ ಬರೆದು ಬಿಡಿಸಬಹುದು. ಬೀಳಗಿಯ ಕಡೆಯ ಹಲವು ಮಕ್ಕಳಿಗೆ ಅದು ತಮ್ಮ ಮನೆಯ ಲೆಕ್ಕವೇ ಆಗಿರುತ್ತದೆ.