ಅಜ್ಜಿಯ ಕೂಲಿ ಎಷ್ಟು ಬರೆಯಲಿ?

ಬಿ.ಕಾಂ. ಸೇರಿ ಹಾಸ್ಟೆಲ್‌ಗೆ ಹೊರಟಾಗ ಅಜ್ಜ ತಾನೇ ನೇಯ್ದ ಕರಿ ಕಂಬಳಿಯನ್ನು ಮಡಚಿ ಬ್ಯಾಗಿನ ಮೇಲಿಟ್ಟಿದ್ದ. ಬಸ್ಸಿನಲ್ಲೇ ಅದನ್ನು ತೆಗೆದು ತಳಕ್ಕೆ ತುರುಕಿದೆ. ರೂಮಿನಲ್ಲಿ ಎಲ್ಲರ ಮಂಚದ ಮೇಲೂ ಹೂವಿನ ಚಿತ್ತಾರದ ನುಣುಪಾದ ರಗ್ಗುಗಳು. 'ಕುರಿ ಕಾಯೋನು' ಅನ್ನಿಸಿಕೊಳ್ಳುವ ಭಯಕ್ಕೆ ನನ್ನ ಕಂಬಳಿ ಮೂರು ವರ್ಷ ಟ್ರಂಕಿನಿಂದ ಹೊರಬರಲೇ ಇಲ್ಲ.

ಕೊನೆಯ ಸೆಮಿಸ್ಟರ್‌ನಲ್ಲಿ ನಮ್ಮ ಮೇಷ್ಟ್ರು, 'ನಿಮ್ಮೂರಲ್ಲಿ ತಯಾರಾಗೋ ಒಂದು ವಸ್ತುವಿನ ಖರ್ಚು-ವೆಚ್ಚದ ಪಟ್ಟಿ ಮಾಡ್ಕೊಂಡು ಬನ್ನಿ' ಎಂದರು. ಚಳ್ಳಕೆರೆ ಸೀಮೆಯ ನಮ್ಮೂರಲ್ಲಿ ತಯಾರಾಗುವುದು ಕಂಬಳಿಯೇ. ನೋಟ್‌ಬುಕ್ ಹಿಡಿದು ಅಜ್ಜನ ಗುಂಡಿಮಗ್ಗದ ಪಕ್ಕ ಕುಳಿತೆ.

ಕುರಿಯ ತುಪ್ಪಟ ಕತ್ತರಿಸುವುದು ವರ್ಷಕ್ಕೆ ಎರಡು ಸಲ. ಕಸ ಆರಿಸಿ, ಹಿಂಜಿ, ರಾಟೆಯಲ್ಲಿ ನೂಲುವುದು ಅಜ್ಜಿಯ ಕೆಲಸ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಬೇಯಿಸಿದ ಸರಿಯನ್ನು ಹಾಸಿನ ನೂಲಿಗೆ ಬಳಿದರೆ ಎಳೆ ಗಟ್ಟಿಯಾಗಿ ಮಗ್ಗದ ಪೆಟ್ಟು ತಡೆಯುತ್ತದೆ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಡ. ಬಳಸುತ್ತಾ ಹೋದಂತೆ, ಮಳೆಯಲ್ಲಿ ನೆನೆದು ಒಣಗಿದಂತೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ದಟ್ಟವಾಗುತ್ತದೆ. ಅದಕ್ಕೇ ಕೊಪ್ಪೆ ಹಾಕಿಕೊಂಡ ಕುರಿಗಾಹಿಗೆ ಜಡಿಮಳೆಯಲ್ಲೂ ತಲೆ ಬೆಚ್ಚಗಿರುತ್ತದೆ.

ನೂಲಲು 8 ದಿನ, ಹಾಸು ಹೂಡಿ ಸರಿ ಬಳಿಯಲು 1 ದಿನ, ನೇಯಲು 3 ದಿನ ಎಂದು ಬರೆದುಕೊಂಡೆ. 'ಅಜ್ಜಿ ಕೂಲಿ ಎಷ್ಟು ಬರೀಲಿ?' ಎಂದು ಕೇಳಿದೆ.

ಅಜ್ಜ ನಕ್ಕ. 'ಮನೆಯೋರಿಗೆ ಕೂಲಿ ಎಂಥದ್ದೋ ಮಗಾ?'

ಅಜ್ಜಿಯ ಕೂಲಿ ಬಿಟ್ಟು ಕೂಡಿದರೆ ಲಾಭ. ಹೊಲದ ಕೂಲಿಯ ದರದಲ್ಲಿ ಆ 8 ದಿನ ಸೇರಿಸಿದರೆ ನಷ್ಟ. ಮೂರು ಸಲ ಕೂಡಿದೆ, ಉತ್ತರ ಬದಲಾಗಲಿಲ್ಲ. ನಾನು ಓದಿದ ಫೀಸು, ಹಾಸ್ಟೆಲ್ ಖರ್ಚು ಎಲ್ಲವೂ ಲೆಕ್ಕಕ್ಕೇ ಬಾರದ ಆ ಕೂಲಿಯಿಂದ ಬಂದಿತ್ತು. ನಾನೋ, ಆ ಕಂಬಳಿಯನ್ನು ಬಚ್ಚಿಟ್ಟವನು.

ಪ್ರಾಜೆಕ್ಟ್ ಒಪ್ಪಿಸುವ ದಿನ ಟ್ರಂಕಿನಿಂದ ಕಂಬಳಿ ತೆಗೆದೆ. ತರಗತಿಯಲ್ಲಿ ಕೊಪ್ಪೆ ಹಾಕಿ ತೋರಿಸಿದಾಗ ಹಿಂದಿನ ಬೆಂಚಿನವರು ನಕ್ಕರು. ಲೆಕ್ಕ ಹೇಳಿ ಮುಗಿಸುವಾಗ ಯಾರೂ ನಗುತ್ತಿರಲಿಲ್ಲ.

ಈಗ ನಾನೂ ನಿಮ್ಮಂತೆ ಕೆಲಸ ಹುಡುಕುತ್ತಿದ್ದೇನೆ. ಮಗ್ಗಕ್ಕೇ ಇಳಿಯುತ್ತೇನೆಂದು ಸುಳ್ಳು ಹೇಳಲಾರೆ. ಮಾಂಸದ ತಳಿಯ ಕುರಿಗಳು ಹೆಚ್ಚಿ ಒಳ್ಳೆಯ ಕರಿ ಉಣ್ಣೆ ಸಿಗುವುದೇ ಕಷ್ಟವಾಗಿದೆ. ಪಾಣಿಪತ್‌ನ ಅಗ್ಗದ ಹೊದಿಕೆಗಳ ಮುಂದೆ ನಮ್ಮದು ದುಬಾರಿ. ಆದರೂ ಸಂತೆಯ ದಿನ ಅಜ್ಜನ ಪಕ್ಕ ಕೂರುತ್ತೇನೆ. ಮೊನ್ನೆ ಒಬ್ಬರು ಚೌಕಾಸಿಗೆ ಇಳಿದಾಗ ಅಜ್ಜ ಎಂದಿನಂತೆ ದರ ಇಳಿಸಲು ಹೊರಟ. ನಾನು ತಡೆದು 12 ದಿನಗಳ ಲೆಕ್ಕ ಹೇಳಿದೆ. ಅವರು ಎದ್ದು ಹೋದರು. ಸಂಜೆಯ ಹೊತ್ತಿಗೆ ಬಂದ ಇನ್ನೊಬ್ಬರು ಲೆಕ್ಕ ಪೂರ್ತಿ ಕೇಳಿ, ಹೇಳಿದ ಬೆಲೆಗೇ ಒಂದು ಕೊಂಡರು.

ಮನೆಗೆ ಬಂದ ಅಜ್ಜ ಹಣ ಎಣಿಸಿ, ಅದರಲ್ಲೊಂದು ಪಾಲನ್ನು ಅಜ್ಜಿಯ ಮುಂದೆ ಹಿಡಿದ. 'ತಗಾ, ನಿನ್ನ ಕೂಲಿ.'

ಅಜ್ಜಿ ನನ್ನ ಮುಖ ನೋಡಿದಳು. ನೋಟುಗಳನ್ನು ಎಲೆಅಡಿಕೆ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.